ಪಿಂಜಾರ, ನದಾಫ, ದೂದೇಕುಲ: ಒಂದು ಕಸುಬಿನ ಮೂರು ಹೆಸರು

ನಮ್ಮ ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಒಂದೇ ವಂಶದ ಅಣ್ಣತಮ್ಮಂದಿರ ಮಕ್ಕಳು ಶಾಲೆಯ ದಾಖಲೆಯಲ್ಲಿ ಬೇರೆ ಬೇರೆ ಅಡ್ಡಹೆಸರು ಹೊತ್ತಿರುವುದುಂಟು. ಒಬ್ಬ ಪಿಂಜಾರ, ಇನ್ನೊಬ್ಬ ನದಾಫ. ಗಡಿಯಾಚೆಗೆ ಆದೋನಿಯಲ್ಲಿ ನೆಲೆಸಿದ ನೆಂಟ ದೂದೇಕುಲ. ಮೂರಕ್ಕೂ ಅರ್ಥ ಒಂದೇ: ಹತ್ತಿ ಹಿಂಜುವವನು.

‘ಹಿಂಜು’ ಎಂಬ ಕನ್ನಡದ ಮಾತು ಹಿಂದೆ ‘ಪಿಂಜು’ ಆಗಿತ್ತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಇದೂ ಬದಲಾಯಿತು. ಸಂಸ್ಕೃತದಲ್ಲಿ ಹಿಂಜುವ ಬಿಲ್ಲಿಗೆ ‘ಪಿಂಜನ’ ಎನ್ನುತ್ತಾರೆ. ಮಾತು ಹಿಂಜಾಯಿತು, ಜನ ಮಾತ್ರ ಪಿಂಜಾರರಾಗಿಯೇ ಉಳಿದರು. ನದಾಫ ಅರಬ್ಬಿಯ ‘ನದ್ದಾಫ್’. ಸಿರಿಯಾ, ಪ್ಯಾಲೆಸ್ತೀನ್ ಕಡೆ ಕ್ರೈಸ್ತ ಮನೆತನಗಳಿಗೂ ಈ ಹೆಸರಿದೆ. ದೂದೇಕುಲ ತೆಲುಗು: ದೂದಿ ಎಂದರೆ ಅರಳೆ, ಏಕು ಎಂದರೆ ಹಿಂಜು. ಉತ್ತರ ಭಾರತದಲ್ಲಿ ಇದೇ ಕಸುಬಿನವರು ಮನ್ಸೂರಿಗಳಾದರು. 922ರಲ್ಲಿ ಬಾಗ್ದಾದಿನಲ್ಲಿ ಗಲ್ಲಿಗೇರಿದ ಸೂಫಿ ಹಲ್ಲಾಜನ ನೆನಪು ಅದರಲ್ಲಿದೆ. ಹಲ್ಲಾಜ್ ಎಂದರೂ ಹತ್ತಿ ಹಿಂಜುವವನೇ. ಮನ್ಸೂರ್ ಎಂಬುದು ಅವನ ತಂದೆಯ ಹೆಸರು. ಲೋಕ ಅಪ್ಪನ ಹೆಸರನ್ನೇ ಮಗನಿಗೆ ಕಟ್ಟಿಬಿಟ್ಟಿತು!

ಹೆಸರುಗಳು ಹೀಗೆ ವೇಷ ಬದಲಿಸುವುದು ನಮ್ಮಲ್ಲಿ ಮಾತ್ರವಲ್ಲ. ಐರ್ಲೆಂಡಿನಲ್ಲಿ ಮ್ಯಾಕ್‌ಗೋವನ್ ಎಂದರೆ ಕಮ್ಮಾರನ ಮಗ. ಇಂಗ್ಲಿಷರ ಆಳ್ವಿಕೆಯಲ್ಲಿ ಎಷ್ಟೋ ಮ್ಯಾಕ್‌ಗೋವನ್‌ಗಳು ‘ಸ್ಮಿತ್’ಗಳಾದರು. ಅರ್ಥ ಅದೇ, ಭಾಷೆ ಮಾತ್ರ ದೊರೆಯದು. ಬರೆದುಕೊಳ್ಳುವ ಗುಮಾಸ್ತನ ಕಿವಿಗೆ ಯಾವ ಭಾಷೆ ಹಿತವೋ ಆ ಹೆಸರು ನಿಲ್ಲುತ್ತದೆ.

ಬಳ್ಳಾರಿಯ ಎರೆಭೂಮಿ ಹತ್ತಿಯ ಭೂಮಿ. ಬೀಜ ತೆಗೆದ ಅರಳೆ ಗಂಟುಗಂಟಾಗಿರುತ್ತದೆ. ಪಿಂಜಾರ ಆಳೆತ್ತರದ ಬಿಲ್ಲನ್ನು ತೂಗುಹಾಕಿ, ಅದರ ನರದ ತಂತಿಯನ್ನು ಅರಳೆಯ ರಾಶಿಗೆ ತಾಗಿಸಿ, ಮರದ ಗುಂಡಿಯಿಂದ ಮೀಟುತ್ತಾನೆ. ತಂತಿಯ ನಡುಕಕ್ಕೆ ಎಳೆ ಎಳೆ ಬಿಡಿಸಿಕೊಂಡು ಹತ್ತಿ ನೊರೆಯಂತೆ ಮೇಲೇಳುತ್ತದೆ, ದೂಳು ಕೆಳಗೆ ಉದುರುತ್ತದೆ. ಆ ಹತ್ತಿಯಿಂದ ಹಂಜಿ, ಹಂಜಿಯಿಂದ ನೂಲು. ಚರಕದ ಬಗ್ಗೆ ಭಾರತದಲ್ಲಿ ಸ್ಪಷ್ಟ ಉಲ್ಲೇಖ ಸಿಗುವುದು 1350ರಲ್ಲಿ, ಬಹಮನಿ ಸುಲ್ತಾನನ ಆಶ್ರಯದಲ್ಲಿ ಇಸಾಮಿ ಬರೆದ ‘ಫುತೂಹುಸ್ಸಲಾತೀನ್’ ಎಂಬ ಪಾರಸಿ ಕಾವ್ಯದಲ್ಲಿ ಎಂದು ಇತಿಹಾಸಕಾರ ಇರ್ಫಾನ್ ಹಬೀಬ್ ತೋರಿಸಿದ್ದಾರೆ. ಅಂದರೆ ನಮ್ಮ ದಖ್ಖನ್ನಿನಲ್ಲೇ. ಚರಕ ವೇಗವಾಗಿ ನೂತರೆ ಹಿಂಜುವವನ ಕೈಗೂ ಕೆಲಸ ಹೆಚ್ಚು. ಈ ಕಸುಬಿನ ಜನ ಊರೂರಿಗೆ ಹರಡಿದ್ದರ ಹಿಂದೆ ಖಡ್ಗಕ್ಕಿಂತ ಈ ಚಕ್ರದ ಪಾತ್ರವೇ ದೊಡ್ಡದೆಂದು ನಮಗನ್ನಿಸುತ್ತದೆ.

ಹಾಗೆ ಹರಡಿದವರು ಊರಿನವರೇ ಆದರು. ಮನೆಮಾತು ಕನ್ನಡ ಇಲ್ಲವೆ ತೆಲುಗು. ಹುಸೇನಪ್ಪ, ಮೌಲಪ್ಪ, ಹುಸೇನಮ್ಮ ಎಂಬ ಹೆಸರುಗಳಲ್ಲಿ ಎರಡು ಲೋಕಗಳ ಹೊಲಿಗೆ ಕಾಣುತ್ತದೆ. ಬಳ್ಳಾರಿ ಮದ್ರಾಸ್ ಆಧಿಪತ್ಯದಲ್ಲಿದ್ದಾಗ, 1909ರಲ್ಲಿ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಏಳು ಸಂಪುಟಗಳಲ್ಲಿ ಇವರಿಗೂ ಜಾಗ ಸಿಕ್ಕಿತು. ಆ ಹೊಲಿಗೆ ಅವನಿಗೆ ಕೌತುಕವಾಗಿ ಕಂಡಿತು. ನಮ್ಮ ಉರ್ದು ಮನೆಗಳಿಗೆ ಅದು ಕೊರತೆಯಾಗಿ ಕಂಡಿತು. ‘ಅವರಿಗೆ ಉರ್ದು ಬರುವುದಿಲ್ಲ, ಪಿಂಜಾರರು’ ಎಂದು ಹೆಣ್ಣು ಕೊಡಲು ಹಿಂಜರಿದವರು ಹೊರಗಿನವರಲ್ಲ, ನಾವೇ. ಸಮಾನತೆಯ ಬಗ್ಗೆ ಭಾಷಣ ಕೇಳಿ ಮನೆಗೆ ಬಂದು ಅಡ್ಡಹೆಸರು ವಿಚಾರಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಪಿಂಜಾರ ಬಿಟ್ಟು ನದಾಫ ಬರೆಸಿದ್ದಕ್ಕೆ, ಎರಡನ್ನೂ ಬಿಟ್ಟು ಶೇಖ್ ಎಂದು ಬರೆಸಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಒಂದೇ ಬಳಗ ಎರಡು ರಾಜ್ಯಗಳ ಎರಡು ಪಟ್ಟಿಗಳಿಗೆ ಹಂಚಿಹೋಯಿತು. ಆಂಧ್ರದಲ್ಲಿ ದೂದೇಕುಲ, ಲದ್ದಾಫ್, ಪಿಂಜಾರಿ, ನೂರ್‌ಬಾಷ್ ಎಲ್ಲ ಹೆಸರೂ ಹಿಂದುಳಿದ ವರ್ಗಗಳ ‘ಬಿ’ ಗುಂಪಿನಲ್ಲಿವೆ. ಕರ್ನಾಟಕದಲ್ಲಿ ಪಿಂಜಾರ, ನದಾಫ ಪ್ರವರ್ಗ-1ರಲ್ಲಿವೆ. ಅಲ್ಲಿ ಕೆನೆಪದರದ ನಿಯಮವಿಲ್ಲ. ಬರೀ ‘ಮುಸ್ಲಿಂ’ ಎಂದು ಬರೆಸಿದವನು 2ಬಿಗೆ ಬೀಳುತ್ತಾನೆ. 2023ರ ಮಾರ್ಚಿನಲ್ಲಿ ಆ 2ಬಿಯನ್ನೇ ತೆಗೆಯುವ ಆದೇಶ ಹೊರಟಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಅದು ಜಾರಿಗೆ ಬರಲಿಲ್ಲ. ಅಜ್ಜ ನಾಚಿಕೆಯಿಂದ ಅಳಿಸಿದ ಹೆಸರನ್ನು ಮೊಮ್ಮಗ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರರ ಕಚೇರಿಯಲ್ಲಿ ಹುಡುಕುತ್ತಾನೆ. ದಾಖಲೆಯಲ್ಲಿ ಶೇಖ್ ಎಂದಿದ್ದರೆ ‘ನೀನು ಪಿಂಜಾರ ಹೇಗೆ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಕಸುಬಂತೂ ಮುಗಿದ ಹಾಗೆಯೇ. ಹಿಂಜುವ ಯಂತ್ರಗಳು ಬಂದವು. ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೀರು ಹರಿದು ಸಿರುಗುಪ್ಪದ ಎರೆಹೊಲಗಳು ಭತ್ತದ ಗದ್ದೆಗಳಾದವು. ಗಾದಿಯೊಳಗೆ ಹತ್ತಿಯ ಬದಲು ಫೋಮ್ ಸೇರಿತು. ಬಳ್ಳಾರಿ ನಗರ ಈಗ ಹೆಸರಾಗಿರುವುದು ಜೀನ್ಸ್ ಉಡುಪಿಗೆ. ಅದೂ ಹತ್ತಿಯೇ, ಆದರೆ ಪಿಂಜಾರನ ಬಿಲ್ಲು ಮುಟ್ಟದ ಹತ್ತಿ. ಬಿಲ್ಲು ಕಂಡರಿಯದ ಹುಡುಗರು ಆ ಹೊಲಿಗೆ ಘಟಕಗಳಲ್ಲಿ ಕೆಲಸಕ್ಕಿದ್ದಾರೆ. ಹಾಜರಿ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಪಿಂಜಾರ ಎಂದೋ ನದಾಫ ಎಂದೋ ಇರುತ್ತದೆ.