ಹೊನ್ನಾಳಿಯ ಕೊನೆಗೆ ‘ಅರ್ಧ’ ಬಂದ ಬಗೆ

‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪು ಮಾಡಿದ ಕಡತವೊಂದನ್ನು ಅದರ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವ ದೃಶ್ಯ ವಿಚಿತ್ರ. ಹೊನ್ನಾಳಿಯ ‘ಳಿ’ ಇದ್ದಲ್ಲಿ ಗಣಿತದ ಅರ್ಧದ ಗುರುತು. ನ್ಯಾಮತಿಯ ಮೊದಲಿಗೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಜಗಳೂರಿಗೆ ಇಂಗ್ಲಿಷಿನ ಸಣ್ಣ ‘ಡಿ’. ಚನ್ನಗಿರಿಗೆ ದೊಡ್ಡ ‘ಝಡ್’. ಕಡತ ಕೆಟ್ಟಿರುವುದಿಲ್ಲ. ಅದನ್ನು ಓದುವ ಕೀಲಿ ಮಾತ್ರ ತಪ್ಪಿರುತ್ತದೆ.

ಆ ಕಾಲದ ಫಾಂಟ್‌ಗಳಿಗೆ ದೊರೆಯುತ್ತಿದ್ದ ಸ್ಥಾನಗಳು ಹೆಚ್ಚೆಂದರೆ 256. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಯುವುದಾದರೂ ಹೇಗೆ? ಅಕ್ಷರಗಳನ್ನು ತುಂಡು ಮಾಡಿ, ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಲಾಯಿತು. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಕನ್ನಡವನ್ನು ಕಚೇರಿಗೂ ಮುದ್ರಣಾಲಯಕ್ಕೂ ಮುಟ್ಟಿಸಿದ್ದು ಈ ಜಾಣತನದಿಂದಲೇ. ಅದನ್ನು ಇಂದು ಹಗುರವಾಗಿ ಕಾಣುವುದು ಸಲ್ಲದು.

ಯೂನಿಕೋಡ್‌ನ ದಾರಿ ಬೇರೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಸ್ವಂತ ಮನೆಗಳಿದ್ದವು. ಅಲ್ಲಿ ‘ನ್ಯಾಮತಿ’ ಎಂದರೆ ನ, ವಿರಾಮ, ಯ, ದೀರ್ಘ, ಮ, ತ, ಇಕಾರದ ಗುಡಿಸು, ಹೀಗೆ ಏಳು ಸಂಕೇತಗಳು, ಉಚ್ಚರಿಸುವ ಕ್ರಮದಲ್ಲಿ. ಹಳೆಯ ಪದ್ಧತಿಯಲ್ಲಿ ಯಕಾರದ ಒತ್ತು ದೀರ್ಘದ ನಂತರ, ಕಣ್ಣಿಗೆ ಕಾಣುವ ಕ್ರಮದಲ್ಲಿ ಬರುತ್ತಿತ್ತು. ಆದ್ದರಿಂದ ಫಾಂಟ್ ಬದಲಿಸಿದರೆ ಸಾಲದು, ಕಡತವನ್ನೇ ಪರಿವರ್ತಿಸಬೇಕು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ತಾಲ್ಲೂಕಾದದ್ದು ಅದಾಗಿ ಎಷ್ಟೋ ವರ್ಷಗಳಿಗೆ. ಹೊನ್ನಾಳಿಯಲ್ಲಿ ಹಳೆಯ ಸಂಕೇತದಲ್ಲಿ ಟೈಪಾದ ರೈತರ ಪಟ್ಟಿಯೊಂದನ್ನು ನ್ಯಾಮತಿಯ ಹೊಸ ಗಣಕದಲ್ಲಿ ಹುಡುಕಬೇಕಾಯಿತೆನ್ನಿ. ಯೂನಿಕೋಡ್‌ನಲ್ಲಿ ಹೆಸರು ಕೊಟ್ಟರೆ ಗಣಕ ‘ಇಲ್ಲ’ ಎನ್ನುತ್ತದೆ. ಹೆಸರು ಪಟ್ಟಿಯಲ್ಲೇ ಇರುತ್ತದೆ!

ತಂತ್ರಾಂಶದ ಹೊಸ ಆವೃತ್ತಿಯೊಡನೆ ಬರುವ ಬಿಡುಗಡೆ ಟಿಪ್ಪಣಿಯಲ್ಲಿ ಹುಡುಕಬೇಕಾದದ್ದು ಇಂಥ ಸಂಗತಿಗಳನ್ನೇ: ಯಾವ ಸಂಕೇತದಲ್ಲಿ ಕಡತ ಉಳಿಯುತ್ತದೆ, ಹಳೆಯದು ತೆರೆಯುತ್ತದೆಯೇ, ಪರಿವರ್ತಕವಿದೆಯೇ? ಬಹುತೇಕರು ಅದನ್ನು ಓದದೆಯೇ ‘ಸರಿ’ ಗುಂಡಿ ಒತ್ತುತ್ತಾರೆ. ಮೂಲ ಕಡತದ ಪ್ರತಿಯೊಂದನ್ನು ಎತ್ತಿಟ್ಟವರು ಬಚಾವು.

ಯೂನಿಕೋಡ್ ಸಹ ಪ್ರತಿ ಆವೃತ್ತಿಯ ಬದಲಾವಣೆಗಳನ್ನು ಪ್ರಕಟಿಸುತ್ತದೆ. 2003ರಲ್ಲಿ ಕನ್ನಡದ ಅವಗ್ರಹ, 2021ರಲ್ಲಿ ನಕಾರಪೊಲ್ಲು ಸೇರಿದವು. ಹಳಗನ್ನಡದ ‘ೞ’ಕಾರಕ್ಕೆ ಮಾತ್ರ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದದ್ದು ಅದರ ಪಕ್ಕದಲ್ಲಿ ಪರ್ಯಾಯನಾಮವಾಗಿ ಕುಳಿತಿದೆ.