ಚೆಕ್ ಜಾವಾ ಉಳಿದದ್ದು ಹೇಗೆ?

ಸಿಂಗಪುರದಲ್ಲಿ ಬೆಳೆದ ನಿಮ್ಮಲ್ಲಿ ಬಹಳ ಜನ ಶಾಲೆಯವರ ಜೊತೆಗೋ ಅಪ್ಪ ಅಮ್ಮನ ಜೊತೆಗೋ ಪುಲಾವ್ ಉಬಿನ್ ದ್ವೀಪಕ್ಕೆ ಹೋಗಿರುತ್ತೀರಿ. ಚಾಂಗಿ ಪಾಯಿಂಟ್‌ನಲ್ಲಿ 12 ಜನ ಸೇರುವ ತನಕ ಕಾದು, ದೋಣಿ ಹತ್ತಿ, ಆ ದಡದಲ್ಲಿ ಬಾಡಿಗೆ ಸೈಕಲ್ ಹಿಡಿದು ದ್ವೀಪದ ಪೂರ್ವ ತುದಿಗೆ ಹೋದರೆ ಸಿಗುವುದೇ ಚೆಕ್ ಜಾವಾ. ಅಲ್ಲಿ ನೀರಿನ ಮೇಲೆ ಕಟ್ಟಿದ ಕಾಲುದಾರಿಯಲ್ಲಿ ನಿಂತು ಏಡಿಗಳ ಫೋಟೊ ತೆಗೆದಿರುತ್ತೀರಿ. ಆದರೆ ಮೊದಲಿನ ಯೋಜನೆಯಂತೆ ಎಲ್ಲ ನಡೆದಿದ್ದರೆ ಇವತ್ತು ಅಲ್ಲಿ ಏಡಿಯೂ ಇಲ್ಲ, ಸಮುದ್ರವೂ ಇಲ್ಲ. ಮಣ್ಣು ತುಂಬಿದ ಬಯಲು ಇರುತ್ತಿತ್ತು.

ಸಮುದ್ರ ತುಂಬಿಸುವುದು ಈ ದೇಶಕ್ಕೆ ಹೊಸದಲ್ಲ. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ಸಿಂಗಪುರ ಈಗ 730 ದಾಟಿದೆ. ಮರೀನ್ ಪರೇಡ್‌ನಲ್ಲಿ ಮನೆ ಇರುವವರು ಹಿಂದೆ ಸಮುದ್ರವಿದ್ದ ಜಾಗದಲ್ಲೇ ಮಲಗುತ್ತೀರಿ. ಹಾಗಾಗಿ ಇದು ಒಳ್ಳೆಯವರು ಕೆಟ್ಟವರು ಎಂಬ ಕಥೆಯಲ್ಲ. ಜಾಗ ಕಡಿಮೆ ಇರುವ ದೇಶದಲ್ಲಿ ಯಾವುದನ್ನು ಉಳಿಸಬೇಕು, ಯಾಕೆ ಉಳಿಸಬೇಕು ಎಂದು ಕೇಳಿದಾಗ ಉತ್ತರ ಕೊಡುವವರು ಯಾರು ಎಂಬ ಕಥೆ.

ಅಂಥ ಉತ್ತರ ಕೊಟ್ಟವರು ಮೊದಲೂ ಇದ್ದರು. 1986ರಲ್ಲಿ ಮಲಯನ್ ನೇಚರ್ ಸೊಸೈಟಿಯ ಸಿಂಗಪುರ ಶಾಖೆಯ ಪಕ್ಷಿವೀಕ್ಷಕರು ಸುಂಗೈ ಬುಲೋ ಎಂಬಲ್ಲಿ ಹಳೆಯ ಸಿಗಡಿ ಕೊಳಗಳ ಸುತ್ತ ಹಕ್ಕಿಗಳ ಹಿಂಡುಗಳನ್ನು ಕಂಡರು. ಸೈಬೀರಿಯಾದಂಥ ದೂರದ ಉತ್ತರದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳೂ ಅಲ್ಲಿದ್ದವು. ಅವರು ನೋಡಿ ಖುಷಿಪಟ್ಟು ಮನೆಗೆ ಹೋಗಲಿಲ್ಲ. ಕಂಡದ್ದನ್ನು ಬರೆದು, ಜಾಗವನ್ನು ಕಾಪಾಡಬೇಕೆಂದು ಸರ್ಕಾರಕ್ಕೆ ಪ್ರಸ್ತಾವ ಕೊಟ್ಟರು. 1989ರಲ್ಲಿ ಅದು ನಿಸರ್ಗ ಉದ್ಯಾನವೆಂದು ಗುರುತಾಯಿತು, 1993ರಲ್ಲಿ ಜನರಿಗೆ ತೆರೆಯಿತು. ಶಾಖೆಯೂ 1991ರಲ್ಲಿ ನೇಚರ್ ಸೊಸೈಟಿ (ಸಿಂಗಪುರ) ಎಂಬ ಸ್ವತಂತ್ರ ಸಂಸ್ಥೆಯಾಯಿತು.

ಈಗ ಚೆಕ್ ಜಾವಾಕ್ಕೆ ಬರೋಣ. ಅದನ್ನು ತುಂಬಿಸುವ ಯೋಜನೆ 1992ರಿಂದಲೇ ಇತ್ತು. ವಿಚಿತ್ರವೆಂದರೆ ಅಲ್ಲಿ ಏನಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಭರತದ ಹೊತ್ತಿಗೆ ಹೋದರೆ ಕಾಣುವುದು ಬರೀ ನೀರು. ಡಿಸೆಂಬರ್ 2000ದಲ್ಲಿ ಜೋಸೆಫ್ ಲಾಯ್ ಎಂಬ ಸಸ್ಯಶಾಸ್ತ್ರಜ್ಞರು ಇಳಿತದ ಸಮಯದಲ್ಲಿ ಅಲ್ಲಿಗೆ ಹೋದರು. ನೀರು ಹಿಂದೆ ಸರಿದಿತ್ತು. ಗುಬುಟು ಗುಬುಟಾದ ನಕ್ಷತ್ರ ಮೀನು, ಕಡಲ ಸೌತೆ, ಕಡಲ ಕುದುರೆ, ತಟ್ಟೆಯಗಲದ ಸೀ ಅನಿಮೋನ್, ಕಡಲ ಹುಲ್ಲು ಎಲ್ಲ ಕಾಲ ಬಳಿಯಲ್ಲೇ. ಮರಳ ದಡ, ಬಂಡೆ ದಡ, ಕಡಲ ಹುಲ್ಲಿನ ಬಯಲು, ಹವಳದ ಚೂರುಗಳ ನೆಲ, ಮ್ಯಾಂಗ್ರೋವ್, ಕರಾವಳಿ ಕಾಡು, ಹೀಗೆ ಆರು ಬಗೆಯ ನೆಲೆಗಳು ಸುಮಾರು 100 ಹೆಕ್ಟೇರ್ ಒಳಗೇ ಇದ್ದವು.

ಉಳಿದಿದ್ದ ಸಮಯ ಒಂದೇ ವರ್ಷ. ರಾಫಲ್ಸ್ ಜೀವವೈವಿಧ್ಯ ಮ್ಯೂಸಿಯಂನ ತಜ್ಞರ ಮಾರ್ಗದರ್ಶನದಲ್ಲಿ ಸ್ವಯಂಸೇವಕರು 2001ರಲ್ಲಿ ಸಮೀಕ್ಷೆಗೆ ಇಳಿದರು. ಜಾಗ ಉಳಿಯದಿದ್ದರೆ ದಾಖಲೆಯಾದರೂ ಉಳಿಯಲಿ ಎಂಬ ಕೆಲಸ ಅದು. ಸಮುದ್ರದ ಇಳಿತಕ್ಕೆ ನಮ್ಮ ಆಫೀಸಿನ ಗಡಿಯಾರ ಗೊತ್ತಿಲ್ಲ ನೋಡಿ. ಅದು ಇಳಿದಾಗ ಇವರು ಹೋಗಬೇಕು, ಏರುವ ಮೊದಲು ಎಣಿಸಿ ಬರೆದು ಮುಗಿಸಬೇಕು. ಬರೆದವರಲ್ಲಿ ಎಲ್ಲರೂ ವಿಜ್ಞಾನಿಗಳಲ್ಲ. ಆ ತೀರದ ಬಗ್ಗೆ 2002ರಲ್ಲಿ ಪುಸ್ತಕ ತಂದ ಚುವಾ ಈ ಕಿಯಾಮ್ ವೃತ್ತಿಯಲ್ಲಿ ಹಲ್ಲಿನ ಡಾಕ್ಟರ್. ನೇಚರ್ ಸೊಸೈಟಿಯವರು ವರದಿ ಕೊಟ್ಟರು, ಜನ ಪತ್ರಿಕೆಗಳಿಗೆ ಪತ್ರ ಬರೆದರು, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರು.

ಡಿಸೆಂಬರ್ 2001ರಲ್ಲಿ, ಕೆಲಸ ಇನ್ನೇನು ಶುರುವಾಗಬೇಕು ಅನ್ನುವಾಗ, ಸರ್ಕಾರ ಅದನ್ನು ಮುಂದೂಡಿತು. 2002ರ ಜನವರಿಯಲ್ಲಿ ಅದು ಅಧಿಕೃತವಾಯಿತು. 2007ರಲ್ಲಿ ನೀವು ನಿಂತ ಆ ಕಾಲುದಾರಿ ತೆರೆಯಿತು.

ಇಲ್ಲಿ ಒಂದು ಪದವನ್ನು ಗಮನಿಸಿ: ಮುಂದೂಡಿತು. ಸುಂಗೈ ಬುಲೋ 2002ರಲ್ಲಿ ಕಾನೂನಿನ ರಕ್ಷಣೆ ಇರುವ ನಿಸರ್ಗ ಮೀಸಲು ಪ್ರದೇಶವಾಯಿತು. ಚೆಕ್ ಜಾವಾಕ್ಕೆ ಸಿಕ್ಕದ್ದು, ಅಭಿವೃದ್ಧಿಗೆ ದ್ವೀಪ ಬೇಕಾಗುವ ತನಕ ತುಂಬಿಸುವುದಿಲ್ಲ ಎಂಬ ಮಾತು. ಮುಂದೊಮ್ಮೆ ಆ ಪ್ರಶ್ನೆ ಮತ್ತೆ ಎದ್ದರೆ ಅಲ್ಲಿ ಏನಿದೆ ಎಂದು ಹೇಳಬೇಕಾದವರು ನಿಮ್ಮ ವಯಸ್ಸಿನವರು. 2007ರ ಆರಂಭದಲ್ಲಿ ಭಾರೀ ಮಳೆಯ ಸಿಹಿನೀರು ಸೇರಿ ಅಲ್ಲಿನ ಜೀವಿಗಳು ರಾಶಿ ರಾಶಿ ಸತ್ತವು. ಎಷ್ಟು ಹೋಯಿತು, ಎಷ್ಟು ಮರಳಿ ಬಂತು ಎಂದು ಹೇಳಲು ಸಾಧ್ಯವಾದದ್ದು ಮೊದಲೇ ನೋಡಿ ಬರೆದಿಟ್ಟವರು ಇದ್ದದ್ದರಿಂದ.

ಶಾಲೆಯ ವಿಐಎ ಗಂಟೆ ತುಂಬಿಸಲೆಂದೇ ಒಮ್ಮೆ ಹೋಗಿ, ತಪ್ಪಿಲ್ಲ. ಆದರೆ ಎರಡನೆಯ ಸಲವೂ ಹೋಗಿ. ಸ್ವಯಂಸೇವಕ ಗೈಡ್‌ಗಳ ಹಿಂದೆ ನಡೆಯಿರಿ, ಏನನ್ನೂ ಎತ್ತಿಕೊಂಡು ಬರಬೇಡಿ, ಕಂಡದ್ದನ್ನು ದಿನಾಂಕ ಹಾಕಿ ಬರೆಯಿರಿ. ಆಮೇಲೆ ನಿಮಗಿಂತ ಚಿಕ್ಕವರಿಗೆ ತೋರಿಸಿ.

ಮ್ಯಾಂಗ್ರೋವ್‌ಗೆ ನಮ್ಮ ಉತ್ತರ ಕನ್ನಡದ ಕಡಲತೀರದಲ್ಲಿ ಕಾಂಡ್ಲಾ ಅನ್ನುತ್ತಾರೆ. ಅಲ್ಲಿನ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲೂ ಕಾಂಡ್ಲಾ ಕಾಡಿದೆ. 2024ರಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಮುಂದಿನ ಸಲ ಉಬಿನ್‌ಗೆ ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಕಡಲಿನ ಕಡೆಯವರಾದರೆ ಆ ಬೇರುಗಳನ್ನು ನೋಡಿದ ತಕ್ಷಣ ಅವರು ಒಂದೆರಡು ಹೆಸರು ಹೇಳಿಯಾರು. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.