ಛತ್ರಿಯಂತೆ ಮಡಚುವ ಗಾಡಿ

ಮಗಳು ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ಇಂಗ್ಲೆಂಡಿನಾಗಿರುವ ಗಂಡನ ಕಡೆ ಹೊರಟಳು. ಕೂಸಿಗೆ ತಳ್ಳುವ ಗಾಡಿ ಬೇಕಂದಳು. "ಬಗಲಾಗ ಎತ್ಕೊಂಡ್ರ ಆತು" ಅಂದೆ. "ಅಪ್ಪಾ, ಚೀಲ ಯಾರು ಹಿಡೀಬೇಕು?" ಅಂದಳು. ಸುಮ್ಮನಾದೆ.

ಆ ಗಾಡಿಯ ಚರಿತ್ರೆಯೂ ಇಂಗ್ಲೆಂಡಿನದೇ. 1733ರಲ್ಲಿ ವಿಲಿಯಂ ಕೆಂಟ್ ಎಂಬವ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆ ಚಿಪ್ಪಿನಾಕಾರದ ಗಾಡಿ ಮಾಡಿದ. ಅದನ್ನು ಎಳೆಯಲು ಆಡು ಇಲ್ಲವೆ ತಟ್ಟು ಬೇಕು. ದೊರೆ ಮಕ್ಕಳ ಆಟ ಬಿಡ್ರಿ. ಮುಂದೆ ತಳ್ಳುವ ಗಾಡಿಗಳು ಬಂದವು, ಆದರೆ ಬಲು ಭಾರ.

ಓವನ್ ಮೆಕ್ಲಾರೆನ್ ನಿವೃತ್ತ ಇಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಮಡಚುವ ಗಾಲಿಗಳ ಕೆಲಸ ಮಾಡಿದವ. ಪರದೇಶದಿಂದ ಬಂದ ಮಗಳು ಮೊಮ್ಮಗುವಿನ ಭಾರದ ಗಾಡಿ ಹಿಡಿದು ಹೆಣಗುವುದನ್ನು ಕಂಡ. 1965ರಲ್ಲಿ ಅಲ್ಯುಮಿನಿಯಂ ಕೊಳವೆಗಳಿಂದ ಛತ್ರಿಯಂತೆ ಮಡಚುವ ಗಾಡಿ ರಚಿಸಿದ. ತೂಕ ಮೂರು ಕಿಲೋದ ಒಳಗ! ಅಜ್ಜನ ಕರುಳು ನೋಡ್ರಿ.

ಸೊಲ್ಲಾಪುರದ ಅಂಗಡಿಯಲ್ಲಿ ಮಗಳು ಮೆತ್ತನೆ ಗಾದಿಯ ದೊಡ್ಡ ಗಾಡಿಗೆ ಮನಸೋತಿದ್ದಳು. ನಾನು ಹಗುರದ್ದು ಮುಂದಿಟ್ಟೆ. ಕೂಸು ಅವಳ ಹೆಗಲ ಮ್ಯಾಲೆ ನಿದ್ದಿ ಹೋಗಿತ್ತು. "ಹಂಗ ಹಿಡಕೊಂಡೇ ಒಂದ ಕೈಲೆ ಮಡಚವ್ವಾ" ಅಂದೆ. ದೊಡ್ಡದು ಜಗ್ಗಲಿಲ್ಲ. ಹಗುರದ್ದು ಎರಡನೇ ಸಲಕ್ಕೆ ಮಡಚಿತು. ಕೂಸು ಏಳಲಿಲ್ಲ.